ಗಿಟಾರಿಗೆ ಸರೇಸು, ಬಾಣಂತಿಗೆ ಉಂಡೆ

ಗಿಟಾರ್ ಬಾರಿಸುವವರು ಗಲ್ಲಿಗೆ ಹತ್ತು ಜನ ಸಿಗುತ್ತಾರೆ. ಬ್ರೂಕ್‌ಫೀಲ್ಡಿನಲ್ಲಂತೂ ಶನಿವಾರ ಬಂದರೆ ಸಾಕು, ಪ್ರತಿ ಬಾಲ್ಕನಿಯಲ್ಲೂ ಒಬ್ಬ ಟೆಕ್ಕಿ ಕಣ್ಣು ಮುಚ್ಚಿಕೊಂಡು ತಂತಿ ಮೀಟುತ್ತಿರುತ್ತಾನೆ. ಆದರೆ ಆ ಗಿಟಾರಿಗೆ ಜನ್ಮ ಕೊಡುವವನು? ಮುರಿದರೆ ಪುನರ್ಜನ್ಮ ಕೊಡುವವನು? ಅಂಥ ಬ್ರಹ್ಮ ಈ ಸೀಮೆಯಲ್ಲಿ ನಾನೊಬ್ಬನೇ ಆಗತಕ್ಕದ್ದು! ಹೀಗೆಂದು ಒಂದು ಭಾನುವಾರ ಇಡ್ಲಿ ತಿನ್ನುತ್ತಾ ಘೋಷಿಸಿಬಿಟ್ಟೆ.

ನನ್ನ ಹೆಂಡತಿ ನೀಲಾಂಬಿಕಾ ಚಟ್ನಿ ಬಡಿಸುತ್ತಿದ್ದವಳು ನಿಂತಳು.

"ರೀ, ನಿಮಗೆ ಗಿಟಾರ್ ನುಡಿಸೋಕೇ ಬರಲ್ವಲ್ಲ?"

"ಕುಂಬಾರ ಮಡಕೆ ಮಾಡ್ತಾನೆ. ಅವನಿಗೆ ಸಾರು ಮಾಡೋಕೂ ಬರಬೇಕಾ?"

ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಚಟ್ನಿ ಸುರಿದಳು. ಬಾಯಿಗೆ ಬಂದದ್ದನ್ನು, ಬಸುರಿ ಹೆಂಗಸು ಸುಮ್ಮನೆ ರಕ್ತದೊತ್ತಡ ಏರಿಸಿಕೊಳ್ಳುವುದು ಬೇಡವೆಂದು ನುಂಗಿಕೊಂಡಳು.

ಅಡುಗೆಮನೆಯ ಹಿಂದಿನ ಯುಟಿಲಿಟಿಯೇ ನನ್ನ ಕಾರ್ಖಾನೆಯಾಯಿತು. ವಾಷಿಂಗ್ ಮೆಷಿನ್ನೇ ಮೇಜು. ಅದು ಬಟ್ಟೆ ಹಿಂಡಲು ಶುರುಮಾಡಿದಾಗ ನಾನೂ, ಉಳಿಯೂ, ಗಿಟಾರೂ ಒಟ್ಟಿಗೆ ಗಡಗಡ ನಡುಗುತ್ತಿದ್ದೆವು. ನಾನು ಕಟ್ಟಿದ ಮೊಟ್ಟಮೊದಲ ಗಿಟಾರನ್ನು ಪಕ್ಕದ ಮನೆಯ ಮರಿಯಮ್ಮ ಆಂಟಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಗುಬ್ಬಿ ಗೂಡಾ? ತುಂಬಾ ಚೆನ್ನಾಗಿದೆ!" ಅಂದರು. ಆದರೂ ನಾನು ಧೃತಿಗೆಡಲಿಲ್ಲ. ದೊಡ್ಡ ಕಲಾವಿದರನ್ನೆಲ್ಲ ಲೋಕ ಮೊದಲು ಹೀಗೇ ಅವಮಾನಿಸಿದೆಯಂತೆ.

ನನ್ನ ಹೆಮ್ಮೆಯೆಲ್ಲ ಇದ್ದದ್ದು ಸರೇಸಿನಲ್ಲಿ. ಸರೇಸು ಅಂದರೆ ಹಳೇ ಕಾಲದ ಬಡಗಿಗಳ ಗೋಂದು. ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ಮಾಡುತ್ತಾರೆ. ಜೇನಿನ ಬಣ್ಣದ ಹರಳು ಹರಳಾಗಿ ಬರುತ್ತದೆ. ನೆನೆಸಿ, ಬೆಚ್ಚಗೆ ಕರಗಿಸಿ ಹಚ್ಚಿದರೆ ಮರಕ್ಕೂ ಮರಕ್ಕೂ ಏಳು ಜನ್ಮದ ಸಂಬಂಧ! "ಫೆವಿಕಾಲ್ ಹಚ್ಚಬಾರದೇನ್ರೀ?" ಎಂದು ನೀಲಾ ಕೇಳಿದ್ದಕ್ಕೆ ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದೆ.

ಅಷ್ಟರಲ್ಲಿ ನಮಗೆ ಹೆಣ್ಣುಮಗು ಹುಟ್ಟಿತು. ಬಾಣಂತನಕ್ಕೆಂದು ಗದಗಿನಿಂದ ನಮ್ಮ ಅತ್ತೆ ಮಹಾದೇವಿಯವರು ಚಿತ್ತೈಸಿದರು. ಅತ್ತೆಯೆಂದರೆ ನಿತ್ಯ ಲಿಂಗಪೂಜೆಯಿಲ್ಲದೆ ಹನಿ ನೀರು ಮುಟ್ಟದವರು. ಮೊಟ್ಟೆ ಮಾರುವ ಅಂಗಡಿಯಲ್ಲಿ ಬ್ರೆಡ್ಡೂ ಕೊಳ್ಳದವರು. ಕೆಳಗಿನ ಮನೆಯವರು ಮೀನು ಹುರಿದರೆ ನಮ್ಮ ಕಿಟಕಿಗಳೆಲ್ಲ ದಬದಬ ಮುಚ್ಚುತ್ತಿದ್ದವು. ಇಂಥವರ ಮನೆಯಲ್ಲಿ, ಕ್ಷಮಿಸಿ, ಇಂಥವರಿರುವ ನನ್ನ ಮನೆಯಲ್ಲಿ, ಚರ್ಮ ಕುದಿಸಿದ ಸರೇಸು!

ಬಿಸಾಡಲು ಮನಸ್ಸಿಲ್ಲ. ಯುಟಿಲಿಟಿಯಲ್ಲಿಟ್ಟರೆ ತೇವಕ್ಕೆ ಹಾಳಾಗುತ್ತದೆ. ಬುದ್ಧಿವಂತ ನಾನು ಅದನ್ನು ಗಾಜಿನ ಬಾಟಲಿಗೆ ಸುರಿದು ಅಡುಗೆಮನೆಯ ಮೇಲಿನ ಕಪಾಟಿನಲ್ಲಿಟ್ಟೆ. ಹೆಸರು ಬರೆದು ಅಂಟಿಸಲಿಲ್ಲ. ಬರೆಯುವುದಾದರೂ ಏನಂತ? ಪಕ್ಕದಲ್ಲಿ ಅದೇ ಜೋಡಿಯ ಇನ್ನೊಂದು ಬಾಟಲಿಯಿತ್ತು. ಅದರಲ್ಲಿ ಅತ್ತೆ ಊರಿನಿಂದ ತಂದ ಅಂಟು. ಬಾಣಂತಿಯ ಸೊಂಟ ಗಟ್ಟಿಯಾಗಲಿ, ಎದೆಹಾಲು ಹೆಚ್ಚಲಿ ಎಂದು ತುಪ್ಪದಲ್ಲಿ ಕರಿದು, ಕೊಬ್ಬರಿ, ಉತ್ತತ್ತಿ, ಬೆಲ್ಲ ಸೇರಿಸಿ ಉಂಡೆ ಕಟ್ಟುತ್ತಾರಲ್ಲ, ಆ ಮರದ ಅಂಟು. ಅದೂ ಜೇನಿನ ಬಣ್ಣದ ಹರಳು. ನನಗೆ ಆಗ ಏನೂ ಅನ್ನಿಸಲಿಲ್ಲ, ನೋಡಿ!

ಆ ವಾರವೇ ನನ್ನ ಆಫೀಸಿನ ಗೆಳೆಯ ಲೋಕೇಶ್ ಗಿಟಾರ್ ಹೊತ್ತು ಬಂದ.

"ಮಗಾ, ಬ್ರಿಡ್ಜ್ ಎದ್ದು ಬಂದ್ಬಿಟ್ಟಿದೆ ಕಣೋ. ಶುಕ್ರವಾರ ಆಫೀಸಲ್ಲಿ ರಾಜ್ಯೋತ್ಸವ. ನಾನೇ ಹಾಡ್ಬೇಕು. ಅಂಗಡಿಗೆ ಕೊಡ್ಲಾ?"

"ಅಂಗಡಿ? ನಾನು ಬದುಕಿರುವಾಗ?"

ಬ್ರಿಡ್ಜ್ ಎಂದರೆ ಗಿಟಾರಿನ ಹೊಟ್ಟೆಯ ಮೇಲೆ ತಂತಿಗಳನ್ನು ಹಿಡಿದಿಡುವ ಮರದ ಪಟ್ಟಿ. ಆರು ತಂತಿ ಸೇರಿ ಒಬ್ಬ ಆಳಿನ ತೂಕದಷ್ಟು ಜಗ್ಗುತ್ತವೆ. ಹಿಡಿದಿಡುವುದು ಬರೀ ಗೋಂದು. ನಾನು ಕಪಾಟಿನಿಂದ ಬಾಟಲಿ ಇಳಿಸಿ, ಹರಳು ನೆನೆಸಿ, ಹದವಾದ ಬಿಸಿಗಾಗಿ ಮಗುವಿಗೆ ಉಡುಗೊರೆ ಬಂದಿದ್ದ ಹಾಲಿನ ಬಾಟಲಿ ಬಿಸಿಮಾಡುವ ಯಂತ್ರದಲ್ಲಿಟ್ಟೆ.

"ರೀ! ಅದು ಮಗೂದು!"

"ನಿನ್ನ ಮಗಳು ಇನ್ನೂ ಬಾಟಲಿ ಮುಟ್ಟಿಲ್ಲವಲ್ಲ. ಅಲ್ಲೀವರೆಗೆ ಅಪ್ಪ ಉಪಯೋಗಿಸ್ತಾನೆ."

ಅತ್ತೆ ಬಾಗಿಲಲ್ಲಿ ಇಣುಕಿದರು. "ಏನ್ ಕಾಸಾಕತ್ತೀರಿ ಅಳಿಯಂದಿರ?"

"ಮರಕ್ಕೆ ಹಚ್ಚೋ ಔಷಧಿ ಅತ್ತೆ!" ಎಂದೆ. ವಾಸನೆ ಅತ್ತ ಹೋಗದಂತೆ ಯಂತ್ರಕ್ಕೆ ಅಡ್ಡ ನಿಂತೆ. ಆದರೆ ಆಶ್ಚರ್ಯ! ಸಾಮಾನ್ಯವಾಗಿ ಒದ್ದೆ ನಾಯಿಯಂತೆ ನಾರುವ ಸರೇಸು ಈ ಸಲ ಚೂರೂ ವಾಸನೆ ಬೀರಲಿಲ್ಲ. ಎಂಥ ಉತ್ತಮ ದರ್ಜೆಯ ಮಾಲು! ಎಂದು ಬೀಗುತ್ತಾ ಬ್ರಿಡ್ಜಿಗೆ ಹಚ್ಚಿ, ಅದುಮಿ ಹಿಡಿಯುವ ಶಿಕಂಜೆ ಬಿಗಿದು, ಬಾಟಲಿಯನ್ನು ಯುಟಿಲಿಟಿಯಲ್ಲೇ ಮರೆತು ಮಲಗಿದೆ.

ಶುಕ್ರವಾರ ಬಂತು. ಅಂದು ಸಂಜೆ ನಮ್ಮ ಮನೆಯಲ್ಲೂ ದೊಡ್ಡ ಕಾರ್ಯ. ಗದಗಿನ ಕಡೆಯ ಅಯ್ಯನವರು ಬಂದು ಮಗುವಿಗೆ ಲಿಂಗ ಕಟ್ಟುವವರಿದ್ದರು. ಅತ್ತೆ ಹಿಂದಿನ ದಿನವೇ ಡಬ್ಬದ ತುಂಬ ಅಂಟಿನ ಉಂಡೆ ಕಟ್ಟಿ, "ಮೊದಲನೇ ಉಂಡಿ ಅಯ್ಯನವರಿಗೆ. ಆಮ್ಯಾಲೆ ನೀಲಾ. ಅಲ್ಲೀಮಟ ಯಾರೂ ಮುಟ್ಟಂಗಿಲ್ಲ!" ಎಂದು ಅಪ್ಪಣೆ ಹೊರಡಿಸಿದ್ದರು. ನಾನು ಪಂಚೆ ಉಟ್ಟು, ಶಲ್ಯ ಹೊದ್ದು, "ಲೋಕೇಶನ ಹಾಡು ಮುಗಿಸಿ ಓಡಿ ಬರ್ತೀನಿ" ಎಂದು ಆಫೀಸಿಗೆ ಹೋದೆ.

ವೇದಿಕೆಯ ಮೇಲೆ ಲೋಕೇಶ್ ತಂತಿ ಬಿಗಿದ. "ಈ ಗಿಟಾರ್‌ನ ರಿಪೇರಿ ಮಾಡಿದ್ದು ನಮ್ಮ ಮಲ್ಲಿಕ್!" ಎಂದ. ಚಪ್ಪಾಳೆ! ನಾನು ಎದ್ದು ನಿಂತು ನಾಲ್ಕೂ ದಿಕ್ಕಿಗೆ ಕೈಮುಗಿದೆ. ಲೋಕೇಶ್ ಕಣ್ಣು ಮುಚ್ಚಿ, ಮೊದಲ ಸಾಲು ಎತ್ತಿ, ತಂತಿಯ ಮೇಲೆ ಕೈ ಬೀಸಿದನೋ ಇಲ್ಲವೋ—

ಫಟಾರ್!

ಬ್ರಿಡ್ಜು ಕಿತ್ತು ಹಾರಿ ಮುಂದಿನ ಸಾಲಿನ ಎಚ್‌ಆರ್ ಮೇಡಂ ಕೇಸರಿಬಾತಿನ ತಟ್ಟೆಯಲ್ಲಿ ನೆಟ್ಟಗೆ ಇಳಿಯಿತು! ಮೇಡಂ ಕಿರುಚಿದರು. ಸಭೆ, ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು, ಮೊದಲಿಗಿಂತ ಜೋರಾಗಿ ಚಪ್ಪಾಳೆ ಹೊಡೆಯಿತು. ಲೋಕೇಶ್ ಮಾತ್ರ ಜೋತುಬಿದ್ದ ತಂತಿಗಳನ್ನು ಹಿಡಿದು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ.

ನನಗೆ ಅವಮಾನಕ್ಕಿಂತ ಅಚ್ಚರಿ ಹೆಚ್ಚಾಯಿತು. ಸರೇಸು ಬಿಡುವುದುಂಟೇ? ತಟ್ಟೆಯಿಂದ ಬ್ರಿಡ್ಜ್ ಎತ್ತಿ ತಳ ನೋಡಿದೆ. ಗೋಂದು ಗಾಜಿನ ಚೂರಿನಂತೆ ಪುಡಿಪುಡಿಯಾಗಿತ್ತು. ಬೆರಳು ಒದ್ದೆ ಮಾಡಿ ಉಜ್ಜಿ ಮೂಸಿದೆ. ವಾಸನೆಯಿಲ್ಲ. ಮೆಲ್ಲಗೆ ನಾಲಿಗೆ ತಾಗಿಸಿದೆ.

"ಮಗಾ," ಎಂದ ಲೋಕೇಶ್ ಗಾಬರಿಯಾಗಿ, "ನನ್ ಗಿಟಾರನ್ನ ಯಾಕೋ ನೆಕ್ತಿದ್ದೀಯಾ?"

ನಾನು ಇನ್ನೊಮ್ಮೆ ನೆಕ್ಕಿದೆ. ಆ ಜಾರುಜಾರು ರುಚಿ ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಅಜ್ಜಿಯ ಡಬ್ಬದಿಂದ ಕದ್ದು ಜಗಿಯುತ್ತಿದ್ದ ಅಂಟು! ಅಯ್ಯೋ ಶಿವನೇ! ಗಿಟಾರಿಗೆ ಹಚ್ಚಿದ್ದು ಅತ್ತೆಯ ಅಂಟಾದರೆ, ಕಪಾಟಿನಲ್ಲಿ ಉಳಿದ ಬಾಟಲಿ ನನ್ನದು. ಅತ್ತೆ ಉಂಡೆ ಕಟ್ಟಿದ್ದು... ಸರೇಸಿನಲ್ಲಿ!

ಚರ್ಮದ ಉಂಡೆ ಅಯ್ಯನವರ ಬಾಯಿಗೆ! ಆಮೇಲೆ ಹಸೀ ಬಾಣಂತಿಯ ಬಾಯಿಗೆ! ವಿಷಯ ತಿಳಿದರೆ ಅತ್ತೆ ಒಂದು ಕ್ಷಣ ಈ ಮನೆಯಲ್ಲಿ ನಿಲ್ಲುವುದಿಲ್ಲ. ಮಗುವಿಗೆ ನೀರು ಹಾಕುವವರು ಯಾರು, ನೀಲಾಳನ್ನು ನೋಡಿಕೊಳ್ಳುವವರು ಯಾರು? ನೀಲಾಳಿಗೆ ಫೋನ್ ಮಾಡಿದೆ. ಮಗು ಮಲಗಿದೆಯೆಂದು ಸೈಲೆಂಟಿನಲ್ಲಿಟ್ಟಿದ್ದಾಳೆ, ಎತ್ತುವವರಿಲ್ಲ. ಆಟೋ ಹತ್ತಿದೆ. ಕುಂದಲಹಳ್ಳಿ ಸಿಗ್ನಲ್ಲಿನಲ್ಲಿ ಆಟೋ ಬೇರು ಬಿಟ್ಟಿತು. ಇಳಿದೆ. ಪಂಚೆ ಎತ್ತಿ ಕಟ್ಟಿ ಓಡಿದೆ! "ಓಡ್ರೀ ಸಾರ್, ಓಡ್ರೀ! ಕನ್ನಡಕ್ಕೆ ಜೈ!" ಎಂದು ಬೈಕಿನವರು ಹುರಿದುಂಬಿಸಿದರು.

ಮನೆ ಹೊಕ್ಕಾಗ ಅಯ್ಯನವರು ಆಗಲೇ ಹಾಲ್‌ನಲ್ಲಿ ಮಣೆಯ ಮೇಲೆ ಕೂತಿದ್ದರು. ಅತ್ತೆ ಅವರ ಪಾದಕ್ಕೆ ನೀರೆರೆಯುತ್ತಿದ್ದರು. ಉಂಡೆಯ ಡಬ್ಬ ಅಡುಗೆಮನೆಯ ಕಟ್ಟೆಯ ಮೇಲೆ. ಪುಣ್ಯಕ್ಕೆ ತುಂಬಿತ್ತು! ಯಾರೂ ಮುಟ್ಟಿಲ್ಲ!

ಎಲ್ಲಿ ಬಚ್ಚಿಡಲಿ? ಮುಂಬಾಗಿಲಿಗೆ ಹೋಗಲು ಅಯ್ಯನವರನ್ನು ದಾಟಬೇಕು. ಹೊರಗೆ ಎಸೆಯಲು ಬಾಲ್ಕನಿಗೆ ಪಾರಿವಾಳದ ಬಲೆ. ಕಸದ ಬುಟ್ಟಿ ಅತ್ತೆಯ ಕಣ್ಣಳತೆಯಲ್ಲೇ ಇದೆ. ಜೇಬಿಗೆ ತುಂಬೋಣವೆಂದರೆ ಪಂಚೆಗೆ ಜೇಬೆಲ್ಲಿದೆ? ಉಳಿದದ್ದು ಒಂದೇ ದಾರಿ. ನನ್ನ ಬಾಯಿ!

ಹುಟ್ಟಿದಾಗಿನಿಂದ ಮೊಟ್ಟೆ ಪಫ್ ಕೂಡ ಮುಟ್ಟದ ನಾನು, ಮನಸ್ಸಿನಲ್ಲೇ ಶಿವನ ಕ್ಷಮೆ ಕೇಳಿ, ಮೊದಲನೇ ಉಂಡೆ ನುಂಗಿದೆ. ಎರಡನೆಯದು. ಮೂರನೆಯದು. ಒಂದೊಂದು ತುತ್ತಿಗೂ ಯಾವುದೋ ಮೂಕಪ್ರಾಣಿ ನನ್ನ ಗಂಟಲಲ್ಲಿ ಅಂಬಾ ಎಂದಂತಾಗುತ್ತಿತ್ತು. ದವಡೆ ಅಂಟಿಕೊಂಡಿತೆನಿಸಿತು. ಕಣ್ಣಲ್ಲಿ ನೀರು. ಆದರೂ ತಿಂದೆ. ಸಂಸಾರಕ್ಕಾಗಿ ತಿಂದೆ!

ಮಗುವನ್ನೆತ್ತಿಕೊಂಡು ಬಂದ ನೀಲಾ ಬಾಗಿಲಲ್ಲೇ ಸ್ತಬ್ಧಳಾದಳು.

"ರೀ! ಏನ್ರೀ ಇದು! ಬಾಣಂತಿ ಉಂಡೆ ರೀ!"

"ಮ್... ಮ್ಮ್..."

"ಹೊಟ್ಟೆಬಾಕತನಕ್ಕೂ ಒಂದು ಮಿತಿ ಬೇಡ್ವಾ? ಅವ್ವಾ! ಬಾ ಇಲ್ಲಿ, ನಿನ್ನ ಅಳಿಯನ್ನ ನೋಡು!"

ಅತ್ತೆ ಬಂದರು. ಹಿಂದೆಯೇ ಅಯ್ಯನವರೂ ಬಂದರು. ಕೊನೆಯ ಉಂಡೆ ನನ್ನ ಕೆನ್ನೆಯೊಳಗಿತ್ತು, ತುಪ್ಪ ಗದ್ದದ ಮೇಲಿತ್ತು. ಅತ್ತೆ ಖಾಲಿ ಡಬ್ಬ ನೋಡಿದರು, ನನ್ನನ್ನು ನೋಡಿದರು. ಆ ನೋಟ ನನಗೆ ತಡೆಯಲಾಗಲಿಲ್ಲ. ಇಷ್ಟು ದೊಡ್ಡ ತ್ಯಾಗ ಮಾಡಿ ತಿಂಡಿಪೋತನೆಂಬ ಹೆಸರೇ? ಎದೆಯ ಮೇಲೆ ಕೈಯಿಟ್ಟು ಗುಡುಗಿದೆ.

"ಅತ್ತೆ! ಅದು ಅಂಟಲ್ಲ! ನನ್ನ ಗಿಟಾರಿನ ಸರೇಸು! ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ಮಾಡಿದ್ದು! ಬಾಟಲಿ ಅದಲು ಬದಲಾಯ್ತು! ನಿಮ್ಮೆಲ್ಲರ ಧರ್ಮ ಉಳಿಸೋಕೆ ನಾನೊಬ್ಬನೇ ತಿಂದೆ!"

ಅತ್ತೆ ಹುಬ್ಬು ಗಂಟಿಕ್ಕಿದರು.

"ಕಪಾಟಿನ್ಯಾಗಿನ ಬಾಟ್ಲಿದ? ಅದನ್ನ ನಿನ್ನೇನ ಕಸಕ್ಕ ಒಗದ್ನೆಲ್ರೀ! ತುಪ್ಪದಾಗ ಬಿಟ್ರ ಒಂದು ಹಳ್ಳೂ ಅರಳಲಿಲ್ಲ, ಕೂದ್ಲ ಸುಟ್ಟಂಗ ನಾತ ಬಂತು. ಅಂಟು ಕೆಟ್ಟೈತಿ ಅಂತ ತಿಳದು, ಕೆಳಗಿನ ಅಂಗಡ್ಯಾಗ ಹೊಸಾದು ತರಿಸಿ ಉಂಡಿ ಕಟ್ಟೀನಿ..." ಅತ್ತೆಯ ಮಾತು ಅಲ್ಲಿಗೆ ನಿಂತಿತು. ಮುಖದ ಬಣ್ಣ ಬದಲಾಯಿತು. "ಏನಂದ್ರಿ? ಚರ್ಮಾ? ನನ್ನ ಬಾಣಲ್ಯಾಗ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು! ಉಂಡೆ ಶುದ್ಧ, ಬಾಟಲಿ ಕಸಕ್ಕೆ, ಲೋಕಕ್ಕೆ ಏನೂ ತಿಳಿದಿರಲಿಲ್ಲ. ಬಾಯಿ ತುಂಬ ಉಂಡೆಯಿದ್ದರೂ ಮುಚ್ಚಿಕೊಂಡಿರಲಾರದೆ ನಾನೇ ಎಲ್ಲವನ್ನೂ ಕಕ್ಕಿದ್ದೆ!

"ನೀಲಾ, ನನ್ನ ಬ್ಯಾಗ್ ತಗೀ. ಇವತ್ತಿನ ಗಾಡಿಗೆ ಹೊಂಟೆ ನಾ."

"ಅವ್ವಾ!" ಎಂದು ನೀಲಾ ಅಳಲು ಶುರುಮಾಡಿದಳು. ನಾನು ಅತ್ತೆಯ ಕಾಲಿಗೇ ಬಿದ್ದೆ. ಅಯ್ಯನವರು ನಡುವೆ ಬಂದರು.

"ಸಮಾಧಾನ ತಾಯಿ. ಯಾರ ಬಾಯಿಗೂ ಹೋಗಿಲ್ಲಲ್ಲ. ಭಜನಿಯೊಳಗ ಬಾರಿಸೋ ತಬಲಾಕ್ಕೂ ಚರ್ಮಾನ ಹಾಕಿರ್ತಾರ. ಅದನ್ನ ನಾವು ಗುಡಿಯೊಳಗ ಇಡಂಗಿಲ್ಲೇನು?"

"ಇಡ್ತೀವ್ರಿ ಅಯ್ಯನವರ. ಆದ್ರ ತಬಲಾ ತುಪ್ಪದಾಗ ಕರಿಯಂಗಿಲ್ಲ!"

ಅಯ್ಯನವರು ನಕ್ಕುಬಿಟ್ಟರು. "ಕೂಸಿನ ಮುಖಾ ನೋಡ್ರಿ ತಾಯಿ. ಇದನ್ನ ಬಿಟ್ಟು ಹೊಕ್ಕೀರೇನು?" ಎಂದರು. ಅತ್ತೆ ಮೊಮ್ಮಗಳನ್ನು ನೋಡಿದರು. ಅದರ ಕುಲಾವಿ ಸರಿಪಡಿಸಿದರು. ಆಮೇಲೆ ತೀರ್ಪು ಹೊರಬಿತ್ತು. "ಇರ್ತೀನಿ. ಆದ್ರ ಈಗಿಂದೀಗ ಆ ಬಾಣಲಿ ಹೊರಗ ಹೋಗಬೇಕು. ಅದರ ಜೋಡಿ ನಿಮ್ಮ ಉಳಿ, ಶಿಕಂಜಿ, ಗುಬ್ಬಿ ಗೂಡು ಎಲ್ಲಾ ಹೊರಗ!"

ಬ್ರಹ್ಮಪದವಿಗೆ ನಾನು ನಿಂತಲ್ಲೇ ರಾಜೀನಾಮೆ ಕೊಟ್ಟೆ. ಉಪಕರಣಗಳನ್ನು ಗೋಣಿಚೀಲಕ್ಕೆ ತುಂಬುತ್ತಿರುವಾಗಲೇ ಹೊಟ್ಟೆಯೊಳಗೆ ಡಬ್ಬದಷ್ಟು ಉಂಡೆ ತನ್ನ ಪ್ರತಾಪ ತೋರಿಸತೊಡಗಿತು. ಬಗ್ಗಿದರೆ ಏಳಲಾಗದು, ಎದ್ದರೆ ಬಗ್ಗಲಾಗದು. ಗೋಡೆ ಹಿಡಿದುಕೊಂಡು ಹೋಗಿ ಬಾಣಂತಿಯ ಮಂಚದ ಮೇಲೇ ಉರುಳಿದೆ. ಅತ್ತೆ ಮರುಮಾತಿಲ್ಲದೆ ಓಮಕಾಳಿನ ಬಿಸಿನೀರು ತಂದಿಟ್ಟು, ನನ್ನ ಕಿವಿಗೆ ಗಾಳಿ ಹೋಗದಂತೆ ಮಫ್ಲರ್ ಸುತ್ತಿ ಹೋದರು.

ಅಷ್ಟರಲ್ಲಿ ಮಗು ಹಸಿದು ಕಿಟಾರನೆ ಕಿರುಚಿತು. ನೀಲಾ ಸರಸರ ಬಂದು ಅದನ್ನು ನನ್ನ ಎದೆಯ ಮೇಲೆ ಮಲಗಿಸಿದಳು.

"ಉಂಡೆಯೆಲ್ಲ ತಿಂದೋರು ನೀವೇ ಅಲ್ವಾ? ಹಾಲೂ ನೀವೇ ಕುಡಿಸಿ!"