ಹಿಂದಕ್ಕೆ ಸರಿದ ನಾಲ್ಕು ಬಿಂದಿಗೆ

ನೀರು ಬರುವ ಮೊದಲು ನಮ್ಮ ಓಣಿಯ ನಳ ಉಸಿರು ಬಿಡುತ್ತದೆ. ನಿದ್ದೆಯಲ್ಲಿ ಯಾರೋ ದೂರದವರನ್ನು ಕರೆದಂತೆ ಒಮ್ಮೆ ಸುಸ್ ಎನ್ನುತ್ತದೆ, ಆಮೇಲೆ ಗುಳುಗುಳು. ಆ ಸದ್ದಿಗೆ ಹೆಂಗಸರೆಲ್ಲ ಒಲೆಯ ಮೇಲಿನ ಹಾಲನ್ನೂ ಮರೆತು ಓಡುತ್ತಾರೆ. ನಾನು ಮಾತ್ರ ಕಿವಿಗೊಟ್ಟು ನಿಲ್ಲುತ್ತೇನೆ. ನನ್ನ ತವರು ಸಿರುಗುಪ್ಪ. ಕಾಲುವೆ ನೀರು ಭತ್ತದ ಗದ್ದೆಗೆ ಇಳಿಯುವ ಸದ್ದಿನಲ್ಲೇ ಬೆಳೆದವಳು ನಾನು. (ನನ್ನ ಸಕಲ ದೋಷಗಳಿಗೂ ಆ ಕಾಲುವೆಯೇ ಮೂಲ ಎಂಬುದು ಅತ್ತೆಯ ಸಿದ್ಧಾಂತ.)

ಬಳ್ಳಾರಿಯ ಈ ಓಣಿಗೆ ನೀರು ವಾರಕ್ಕೊಮ್ಮೆ, ಅರ್ಧ ತಾಸು. ಹನ್ನೊಂದು ಮನೆಗೆ ಒಂದೇ ನಳ. ಜನರ ಬದಲು ಬಿಂದಿಗೆಗಳೇ ಬೆಳಿಗ್ಗೆಯಿಂದ ಸಾಲಾಗಿ ಕೂರುತ್ತವೆ. ಸಾಲಿನ ಮೊದಲ ಜಾಗ ನಮ್ಮದು. ಇಪ್ಪತ್ತೆರಡು ವರ್ಷ ಅತ್ತೆ ಆಳಿ, ಮದುವೆಯಾದ ತಿಂಗಳಲ್ಲೇ ನನಗೆ ವಹಿಸಿಕೊಟ್ಟ ಸಿಂಹಾಸನ ಅದು.

ಹೋದ ಭಾನುವಾರ ಚರ್ಚಿನಲ್ಲಿ ಅಯ್ಯನವರು ಹೇಳಿದರು: "ನಂಬಿಕೆ ಅಂದರೆ ಹಾಡೋದಷ್ಟೇ ಅಲ್ಲ. ಈ ವಾರ ಎಲ್ಲಾದರೂ ನಿಮ್ಮ ಜಾಗ ಬೇರೆಯವರಿಗೆ ಬಿಡಿ. ಬಿಟ್ಟೆ ಅಂತ ಡಂಗುರ ಹೊಡೀಬೇಡಿ."

ಬಿಡಲು ನನ್ನ ಬಳಿ ಬೇರೆ ಯಾವ ಜಾಗವಿದೆ?

ಇವತ್ತು ಸಂಜೆ ನಮ್ಮ ಮನೆಯಲ್ಲೇ ಹೆಂಗಸರ ಪ್ರಾರ್ಥನಾ ಕೂಟ. ಇಪ್ಪತ್ತು ಜನಕ್ಕೆ ಚಹಾ ಆಗಬೇಕು. ಅತ್ತೆಯ ಅಕ್ಕ ಕುರುಗೋಡಿನಿಂದ ಬರುತ್ತಾರೆ. ಚಹಾ ಸಾಲದಿದ್ದರೆ ಆ ಸುದ್ದಿ ಕ್ರಿಸ್ಮಸ್‌ವರೆಗೂ ಕುರುಗೋಡಿನಲ್ಲಿ ಬಿಸಿಯಾಗಿರುತ್ತದೆ. ಮನೆಯಲ್ಲಿ ಹನಿ ನೀರಿರಲಿಲ್ಲ.

"ಹೇಮಾ, ನಳದ ಕಡಿ ಲಕ್ಷ್ಯ ಇರ್ಲಿ. ಕನಸು ಕಾಣಕೋಂತ ನಿಂದ್ರಬ್ಯಾಡ," ಎಂದು ಮೂರು ಸಲ ಹೇಳಿ ಅತ್ತೆ ಹಾಲು ತರಲು ಹೋದರು.

ನಾನು ನಾಲ್ಕೂ ಬಿಂದಿಗೆಗಳನ್ನು ಎತ್ತಿ ಸದ್ದಿಲ್ಲದೆ ಸಾಲಿನ ಕೊನೆಗಿಟ್ಟೆ. ಅರ್ಧ ತಾಸಿನಲ್ಲಿ ಹೇಗೂ ನಮ್ಮ ಪಾಳಿ ಬರುತ್ತದಲ್ಲ.

ಎರಡನೇ ಜಾಗದ ಒಡತಿ ಎದುರುಮನೆಯ ಹಂಪಮ್ಮ. "ಯಾಕವ್ವಾ, ಹಿಂದಕ ಹೊಂಟಿ?"

"ಸುಮ್ನ ಅಕ್ಕಾ."

"ಸುಮ್ನ? ಈ ಜಾಗಕ್ಕ ನಿಮ್ಮತ್ತಿ ನನ್ನ ಬಿಂದಿಗಿ ಎರಡು ಸಲ ಒದ್ದಾಳ. ಸುಮ್ನ ಬಿಡೂ ಮಂದಿ ಏನು ನೀವು?"

ಡಂಗುರ ಹೊಡೆಯುವಂತಿಲ್ಲ. ನಾನು ನಸುನಕ್ಕೆ. ಕೆಟ್ಟದ್ದು ಆ ನಗುವಿನಿಂದಲೇ. ಪಕ್ಕದ ಮನೆಯ ಕೊಟ್ರಮ್ಮ ಬಂದು ಹಂಪಮ್ಮನ ಕಿವಿಯಲ್ಲಿ ಏನೋ ಹೇಳಿದಳು. (ಹೇಳಿದ್ದು ಇದಂತೆ, ನನಗೆ ಆಮೇಲೆ ತಿಳಿಯಿತು: "ಇಕಿ ಗಂಡ ಕುಡತಿನಿ ಕರೆಂಟಿನ ಪ್ಲಾಂಟಿನಾಗ ಅದಾನ. ಓದಿದ ಮಂದಿಗೆ ಗೊತ್ತಿರತೈತಿ. ಮೊದಲ ನೀರಿನಾಗ ಏನೋ ಐತಿ!")

ಹಂಪಮ್ಮ ತನ್ನ ಬಿಂದಿಗೆಗಳನ್ನು ಎತ್ತಿ ನನ್ನವುಗಳ ಹಿಂದಿಟ್ಟಳು. ಕೊಟ್ರಮ್ಮ ಅವಳ ಹಿಂದೆ. ಮೂರನೆಯವಳು, ನಾಲ್ಕನೆಯವಳು... ಕೆಂಪು, ಹಸಿರು, ನೀಲಿ ಬಿಂದಿಗೆಗಳು ಒಂದಕ್ಕೊಂದು ದಾರಿ ಬಿಡುತ್ತ ಬಿಸಿಲಲ್ಲಿ ಓಣಿಯ ಮೂಲೆ ತಿರುಗಿದವು. ನಳ ಗುಳುಗುಳು ಎಂದಿತು, ನೀರು ಬಿತ್ತು.

"ನೀ ತುಂಬವ್ವಾ ಮೊದಲು," ಎಂದಳು ಒಬ್ಬಳು ಇನ್ನೊಬ್ಬಳಿಗೆ.

"ಇಲ್ಲವ್ವಾ, ನೀನೇ ದೊಡ್ಡಾಕಿ, ನೀ ತುಂಬು."

ಇಂಥ ಸೌಜನ್ಯವನ್ನು ಈ ಓಣಿ ಎಂದೂ ಕಂಡಿರಲಿಲ್ಲ. ನಾನೊಬ್ಬಳು ಬಿಟ್ಟ ಜಾಗ ಹತ್ತು ಮನೆಗಳ ಮನಸ್ಸು ಕರಗಿಸಿತಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ತುಂಬಿದ ಕಣ್ಣಿಗೆ ಚರಂಡಿಗೆ ಹರಿಯುತ್ತಿದ್ದ ನೀರೂ ಸಿರುಗುಪ್ಪದ ಕಾಲುವೆಯಂತೆ ಹೊಳೆಯಿತು. ನಮ್ಮ ಪಾಳಿ ಬಂದದ್ದೂ ತಿಳಿಯದೆ ಅರ್ಧ ತಾಸೂ ನೋಡುತ್ತ ನಿಂತೆ.

ಅತ್ತೆ ಹಾಲು ಹಿಡಿದು ಬಂದಾಗ ನಳ ಒಣಗಿತ್ತು. ಹನ್ನೊಂದು ಮನೆಯ ಬಿಂದಿಗೆಗಳೂ ಒಣಗಿದ್ದವು.

"ಯಾಕ ಹಿಂದಿಟ್ಟಿ?"

ಹೇಳಲೇಬೇಕಾಯಿತು. ಇಡೀ ಓಣಿಯ ಮುಂದೆ ಹೇಳಿದೆ. ಅದಕ್ಕಿಂತ ದೊಡ್ಡ ಡಂಗುರವನ್ನು ಯಾರೂ ಹೊಡೆದಿರಲಾರರು.

"ಅಯ್ಯ ನಿನ್ನ! ಇಷ್ಟಕ್ಕ?" ಎಂದಳು ಕೊಟ್ರಮ್ಮ. "ಆಗಲೇ ಬಾಯಿ ಬಿಟ್ಟು ಅಂದಿದ್ರ ನಮ್ಮ ಕೊಡ ತುಂಬತಿದ್ವಲ್ಲವ್ವಾ!"

ಅತ್ತೆ ಒಂದು ಖಾಲಿ ಬಿಂದಿಗೆಯನ್ನು ನನ್ನ ಸೊಂಟಕ್ಕೆ ಒತ್ತಿದರು. "ತಗ್ಗಿ ನಡೀಬೇಕು ಅನಿಸಿತ್ತಲ್ಲ? ನಡಿ ಈಗ, ಮನಿ ಮನಿಗೆ. ಒಂದೊಂದು ಚಂಬು ಬೇಡಕೊಂಡು ಬಾ. ಐದಕ್ಕ ಅಕ್ಕ ಬರ್ತಾಳ."

ಮೊದಲ ಮನೆ ಹಂಪಮ್ಮನದು. ಬೈಗುಳ ನುಂಗಲು ಸಿದ್ಧಳಾಗಿ ಬಾಗಿಲಲ್ಲಿ ನಿಂತೆ. ಅವಳು ನೇರ ಅಡುಗೆಮನೆಯ ಹಂಡೆಯನ್ನು ಓರೆ ಮಾಡಿ, ತಳದಲ್ಲಿದ್ದದ್ದನ್ನು ಬಳಿದು ಎರಡು ಚಂಬು ಹಾಕಿದಳು.

"ನಿಮಗ, ಅಕ್ಕಾ?"

"ನಮ್ದು ಹೆಂಗರ ನಡೀತೈತಿ. ನಾ ಕೊಟ್ಟೀನಂತ ಯಾರ ಮುಂದೂ ಅನ್ನಬ್ಯಾಡ. ನಿಮ್ಮತ್ತಿ ಮುಂದಂತೂ ಬ್ಯಾಡೇ ಬ್ಯಾಡ. ಇಪ್ಪತ್ತೆರಡು ವರ್ಷದ ಜಗಳ ಹಾಳಾಗತೈತಿ."

ಹಂಪಮ್ಮ ಯಾವ ಭಾನುವಾರವೂ ಚರ್ಚಿಗೆ ಬಂದವಳಲ್ಲ.

ಯಾರ ಮುಂದೂ ಅನ್ನಬೇಡ ಎಂದದ್ದನ್ನು ನಿಮ್ಮ ಮುಂದೆ ಅಂದೇಬಿಟ್ಟೆ ನೋಡಿ. ನನ್ನಿಂದ ಅಷ್ಟೂ ಆಗಲಿಲ್ಲ. ಇನ್ನೂ ಒಂಬತ್ತು ಮನೆ ಉಳಿದಿವೆ. ಒಮ್ಮೆ ಕೇಳಿದವರಿಗೂ ಪ್ರತಿ ಹೊಸ್ತಿಲಲ್ಲೂ ಮೊದಲು ಕಥೆ, ಆಮೇಲೆ ನೀರು. ಅಗೋ, ಕೊಟ್ರಮ್ಮ ಚಂಬು ಹಿಡಿದು ಕೈಬೀಸುತ್ತಿದ್ದಾಳೆ. ಹೆಚ್ಚು ಹೊತ್ತು ನಿಲ್ಲಲಾರೆ, ಬಂದೆ ಅಕ್ಕಾ, ಬಂದೆ, ಅದೇನಾತಂದ್ರ, ಹೋದ ಐತವಾರ ನಮ್ಮ ಅಯ್ಯನವರು