ಕುಮಟೆಗೆ ಸೈಕಲ್ಲಿನಲ್ಲೇ ಬರುತ್ತೇನೆ ಎಂದದ್ದು

“ಹೊನ್ನಾವರದ ದಾರಿ ಯಾವುದು?” ಎಂದು ಭಟ್ಕಳದ ಒಂದೇ ಓಣಿಯಲ್ಲಿ ಮೂರನೇ ಸಲ ಕೇಳಿದಾಗ, ಜಗಲಿಯ ಮೇಲಿದ್ದ ಮುದುಕರು ಟೋಪಿ ಸರಿಮಾಡಿಕೊಂಡು ಎದ್ದೇ ಬಂದರು. ನನ್ನ ತಿರುಗಾಟ ಯಾವಾಗಲೂ ಹೀಗೆಯೇ. ಇಸ್ತಾಂಬುಲಿನಲ್ಲಿ ದಾರಿ ತಪ್ಪದವಳು ನಮ್ಮದೇ ಜಿಲ್ಲೆಯಲ್ಲಿ ತಪ್ಪುತ್ತೇನೆ. ಫಜೀತಿಗಳೆಲ್ಲ ನನಗಾಗಿ ಇಲ್ಲೇ ಕಾದು ಕೂತಿರುತ್ತವೆ.

ಅದು ತುರ್ತು ಪರಿಸ್ಥಿತಿಯ ಕಾಲ. ಮಂಗಳೂರಿನಿಂದ ಕಾರವಾರಕ್ಕೆ ಸೈಕಲ್ ಹತ್ತಿ ಹೊರಟಿದ್ದೆ. ಅವತ್ತು ಸಂಜೆ ಐದಕ್ಕೆ ಕುಮಟೆಯ ಮಹಿಳಾ ಮಂಡಳದಲ್ಲಿ ನನ್ನ ಭಾಷಣ: ‘ಹೆಣ್ಣು ಒಂಟಿಯಾಗಿ ಎಲ್ಲಿಗೂ ಹೋಗಬಲ್ಲಳು’. ಅಧ್ಯಕ್ಷೆ ಕಾಗದದಲ್ಲಿ ಕಡ್ಡಿ ಮುರಿದಂತೆ ಬರೆದಿದ್ದರು: “ಸೈಕಲ್ಲಿನ ಮೇಲೇ ಬರಬೇಕು. ಬಸ್ಸಿನಲ್ಲಾದರೆ ನಾವೂ ಬರುತ್ತೇವೆ, ಅದಕ್ಕೆ ಹಾರ ಯಾಕೆ?”

ಹಿಂದೆ ಬರುತ್ತಿದ್ದ ಗಂಡ

“ಒಬ್ಬಳೇನಾ ಬೇಟಿ? ಗಂಡ ಎಲ್ಲಿ?” ಎಂದರು ಮುದುಕರು.

ಇಲ್ಲ ಎಂದರೆ ಅರ್ಧ ದಿನದ ವಿಚಾರಣೆ. “ಹಿಂದೆ ಬರ್ತಿದ್ದಾರೆ” ಎಂದುಬಿಟ್ಟೆ.

“ಹಾಗಾದ್ರೆ ಕೂತ್ಕೋ. ದಾರಿ ಅವನಿಗೇ ಹೇಳ್ತೇನೆ.”

ಚಹಾ ಬಂತು, ತಿಂಡಿ ಬಂತು. ಗಂಡ ಎಲ್ಲಿಂದ ಬರಬೇಕು? ಮುದುಕರು ಎರಡು ಸಲ ಓಣಿಯ ತುದಿಗೆ ಹೋಗಿ ನೋಡಿ ಬಂದರು. ಅರ್ಧ ಗಂಟೆಯಾದ ಮೇಲೆ ಅವರಿಗೇ ಸಿಟ್ಟು ಬಂತು.

“ಎಂತ ಗಂಡಸು ಅವನು! ಹೆಂಗಸು ತುಳಿದು ಬಂದು ಮುಟ್ಟಿದ್ದಾಳೆ, ಅವನ ಪತ್ತೆಯೇ ಇಲ್ಲ!”

“ಬೇರೆ ಓಣಿಯಿಂದ ಮುಂದೆ ಹೋಗಿಬಿಟ್ಟಿರಬೇಕು” ಎಂದೆ.

“ಮುಂದೆ ಹೋದನಾ? ಹಾಗಾದ್ರೆ ಓಡು! ಎಡಕ್ಕೆ ತಿರುಗಿದ್ರೆ ಹೆದ್ದಾರಿ. ಬಿಡಬೇಡ ಅವನನ್ನು!”

ಅವರು ನೋಡುತ್ತಿದ್ದರಲ್ಲ, ತುಳಿದೆ. ಗಂಡ ಇದ್ದ ಕಾಲದಲ್ಲಿ ಅವನ ಹಿಂದೆ ಒಂದು ಫರ್ಲಾಂಗೂ ಓಡಿದವಳಲ್ಲ ನಾನು.

ಮಕ್ಕಳು ಎಷ್ಟು?

ಮಂಕಿಯಲ್ಲಿ ಪಂಕ್ಚರ್. ಚಹಾದಂಗಡಿಯ ಪಕ್ಕದಲ್ಲೇ ಸೈಕಲ್ ಅಂಗಡಿ. ಹತ್ತು ಗಂಡಸರು ಸುತ್ತ ನಿಂತು ಸಲಹೆ ಕೊಡುತ್ತಿದ್ದರು. ರಿಪೇರಿಯವನು ಗಾಲಿ ಕಳಚಿ ಟ್ಯೂಬನ್ನು ನೀರಿಗೆ ಅದ್ದಿದ. ನನಗೆ ಸುಮ್ಮನೆ ಕೂರುವ ಅಭ್ಯಾಸವಿಲ್ಲ. ಖಾಕಿ ಚೀಲದಿಂದ ದಿನಚರಿ ತೆಗೆದು, ಅವನ ಹೆಸರು ಕೇಳಿ ಬರೆದುಕೊಂಡೆ.

“ಮಕ್ಕಳು ಎಷ್ಟು?”

ಗುಳ್ಳೆ ನೋಡುತ್ತಿದ್ದವನು ತಲೆ ಎತ್ತಿದ. “ಎಂತಕ್ಕೆ?”

“ಸುಮ್ಮನೆ.”

ಆ ಕಾಲದಲ್ಲಿ ಖಾಕಿ ಚೀಲದ ಹೆಂಗಸು ಸುಮ್ಮನೆ ಮಕ್ಕಳ ಲೆಕ್ಕ ಕೇಳುತ್ತಿರಲಿಲ್ಲ. ಕೇಳಿದವಳ ಹಿಂದೆ ಜೀಪು ಬರುತ್ತಿತ್ತು. ಜೀಪು ಹತ್ತಿದವನು ಮಕ್ಕಳಾಗದಂತೆ ಆಪರೇಶನ್ ಮಾಡಿಸಿಕೊಂಡು, ಬಹುಮಾನದ ಬಕೆಟ್ ಹಿಡಿದು, ಕಾಲು ಅಗಲಿಸಿ ನಡೆಯುತ್ತಾ ಮನೆಗೆ ಬರುತ್ತಿದ್ದ. ನನಗೆ ಇದು ಹೊಳೆಯುವಷ್ಟರಲ್ಲಿ ಚಹಾದಂಗಡಿ ಖಾಲಿ. “ಅಂಟು ತತ್ತೆ” ಎಂದು ತೆಂಗಿನ ತೋಟದೊಳಗೆ ನುಗ್ಗಿದ ರಿಪೇರಿಯವನು ಮರಳಲೇ ಇಲ್ಲ. ಡಬ್ಬಿ ತುಂಬ ಅಂಟು ಅಲ್ಲೇ ಇತ್ತು. ಪಂಕ್ಚರ್ ನಾನೇ ಹಾಕಿಕೊಂಡೆ.

ಓಡಲಾಗದೆ ಉಳಿದವರು ಎಂಬತ್ತು ದಾಟಿದ ಅಜ್ಜ ಒಬ್ಬರೇ. ಕೋಲೂರಿಕೊಂಡು ಹತ್ತಿರ ಬಂದರು.

“ನಂಗೆ ಮಾಡ್ತೀರಾ ಅಕ್ಕೋರೆ? ಮನೆಗೆ ಬಕೆಟ್ ಒಂದು ಬೇಕಾಗಿತ್ತು.”

ಬುಟ್ಟಿ ಖಾಲಿಯಾಗುವ ತನಕ

ಹೊನ್ನಾವರ ದಾಟಿದೆ. ಕುಮಟೆ ಇನ್ನು ಒಂದೇ ಮೈಲಿ, ಗಂಟೆ ನಾಲ್ಕೂವರೆ. ಗೆದ್ದೆ ಎಂದುಕೊಂಡ ಇಳಿಜಾರಿನಲ್ಲೇ ಬ್ರೇಕು ಕೈಕೊಟ್ಟಿತು. ಕೆಳಗೆ ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಇಳಿಸಿ ಬಸ್ಸಿಗೆ ಕಾಯುತ್ತಿದ್ದಳು. ಅವಳು ಪಕ್ಕಕ್ಕೆ ಹಾರಿದಳು, ಬುಟ್ಟಿಗೆ ಕಾಲಿರಲಿಲ್ಲ. ಬಂಗಡೆಗಳೆಲ್ಲ ರಸ್ತೆ ಪಾಲು, ಮೇಲೆ ನಾನು. ಬಸ್ಸು ನಮ್ಮಿಬ್ಬರನ್ನೂ ಬಳಸಿಕೊಂಡು ಹೋಯಿತು.

“ಕಣ್ಣು ಎಲ್ಲಿ ಇಟ್ಕಂಡಿದ್ದೆ ತಂಗೀ?”

ಹಣ ತೆಗೆಯಹೋದೆ. ಕೈ ತಳ್ಳಿದಳು. “ದುಡ್ಡು ಕೊಟ್ರೆ ಆತಾ? ಪೇಟೆಯಲ್ಲಿ ನನ್ನ ಮೀನಿಗೆ ಕಾಯ್ತಾ ಇರೋರಿಗೆ ದುಡ್ಡು ತಿನ್ನಿಸ್ಲಾ? ನೀ ಚೆಲ್ಲಿದ್ದು, ನೀನೇ ಮಾರಿಕೊಡು.”

ಆಯಿತು ಎಂದೆ. ತೋಡಿನ ನೀರಲ್ಲಿ ಮೀನು ತೊಳೆದು, ಬುಟ್ಟಿಯನ್ನು ಕ್ಯಾರಿಯರಿಗೆ ಕಟ್ಟಿದೆವು. ನಾನು ಸೈಕಲ್ ತಳ್ಳಿದೆ, ಅವಳು ಬುಟ್ಟಿ ಹಿಡಿದು ಬಂದಳು. ನಾವು ಮುಟ್ಟುವಾಗ ಮೀನು ಪೇಟೆ ಮುಗಿದು ಎಲ್ಲರೂ ಎದ್ದು ಹೋಗಿದ್ದರು. ಮಂಡಳದ ಗೇಟು ಹತ್ತು ಮಾರು ಇದೆ ಎನ್ನುವಾಗ ಹತ್ತಿ ಕೂತೆ. ಬ್ರೇಕಿಲ್ಲದ ಸೈಕಲ್ ಅಧ್ಯಕ್ಷೆಯ ಹಾರದೊಳಗೇ ಹೋಗಿ ನಿಂತಿತು. ಸೈಕಲ್ಲಿನ ಮೇಲೇ ಬಂದಿದ್ದೆನಲ್ಲ, ಚಪ್ಪಾಳೆ ಬಿತ್ತು. ಆಮೇಲೆ ನನ್ನ ಕಡೆಯಿಂದ ಗಾಳಿ ಬೀಸಿತು; ಚಪ್ಪಾಳೆ ನಿಂತಿತು.

“ಸಹೋದರಿಯರೇ, ಹೆಣ್ಣು ಒಂಟಿಯಾಗಿ…” ಎಂದು ಶುರುಮಾಡಿದೆ.

“ತಂಗೀ, ಮೀನು!” ಬಾಗಿಲಿನಿಂದ ಕೂಗು ಬಂತು. “ಇಷ್ಟು ಹೆಂಗಸ್ರು ಇಲ್ಲೇ ಇದ್ದಾರಲೇ, ಪೇಟೆ ಎಂತಕ್ಕೆ?”

ಮಾತು ಕೊಟ್ಟಾಗಿತ್ತು. “ಹೊರಗೆ ಬಂಗಡೆ ಇದೆ. ಅದು ಮುಗಿಯದೆ ಭಾಷಣವಿಲ್ಲ” ಎಂದು ಘೋಷಿಸಿದೆ. ಅರ್ಧ ಸಭೆ ಮೂಗಿಗೆ ಸೆರಗು ಹಿಡಿಯಿತು, ಇನ್ನರ್ಧ ಎದ್ದು ಬುಟ್ಟಿಯ ಕಡೆಗೆ ಓಡಿತು. ಆರಿಸಿಕೊಟ್ಟವಳು ಅವಳು, ಸಾಗವಾನಿ ಎಲೆಯಲ್ಲಿ ಕಟ್ಟಿಕೊಟ್ಟವಳು ಮುಖ್ಯ ಅತಿಥಿ. ಕೊನೆಗೆ ನಾಲ್ಕು ಬಂಗಡೆ ಉಳಿದವು. ಕೊಳ್ಳುವವರಿಲ್ಲ. ಅವಳೋ, ಬುಟ್ಟಿ ಖಾಲಿಯಾಗದೆ ನನ್ನನ್ನು ಬಿಡುವುದಿಲ್ಲ.

ಆಗ ಅಧ್ಯಕ್ಷೆ ಬಂದರು. ಅಡಿಕೆ ತೋಟದ ಮನೆಯವರು, ಮೀನು ಮುಟ್ಟುವ ಪೈಕಿಯಲ್ಲ. ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದರು: “ನಮ್ಮನೇಲಿ ಒಂದು ಬೆಕ್ಕು ಇದ್ದು…”

ಮೀನಿನವಳ ಕಿವಿ ನನಗಿಂತ ಚುರುಕು. ಇಡೀ ಸಭೆಗೆ ಕೇಳುವಂತೆ ವಿಚಾರಿಸಿದಳು:

“ಬೆಕ್ಕಿಗೆ ಸಾರಿಗೋ ಅಮ್ಮಾ, ಹುರಿಯೂಕೋ?”

ಅಧ್ಯಕ್ಷೆ ಆಚೆ ಈಚೆ ನೋಡಿ, ದನಿ ಇನ್ನಷ್ಟು ತಗ್ಗಿಸಿದರು. “ಹುರಿಯಲೆ ಕೊಡು.”

ನಾಲ್ಕನ್ನೂ ಎಲೆಯಲ್ಲಿ ಕಟ್ಟಿ ಅವರ ಕೈಗಿಟ್ಟೆ. ಮೀನಿನವಳು ಬುಟ್ಟಿ ಬೋರಲು ಹಾಕಿ ಎರಡು ಸಲ ತಟ್ಟಿದಳು.

“ಆತು ತಂಗೀ, ನಿನ್ನ ಋಣ ತೀರ್ತು. ಇನ್ನು ಎಂತ ಬೇಕಾದ್ರೂ ಮಾತಾಡು.”