ಖಾಲಿ ಹೊಟ್ಟೆಗೊಂದು ಚಮಚ ಎಳ್ಳೆಣ್ಣೆ

ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗದ ಗಂಡಸಿನ ಹೊಟ್ಟೆ ಸಾರ್ವಜನಿಕ ಆಸ್ತಿ. ಯಾರು ಬೇಕಾದರೂ ಅದರೊಳಗೆ ಏನು ಬೇಕಾದರೂ ಸುರಿಯಬಹುದು. ಹರಕೆ, ಉಪವಾಸ, ಅಶ್ವತ್ಥಕಟ್ಟೆಯ ಪ್ರದಕ್ಷಿಣೆಯನ್ನೆಲ್ಲ ನನ್ನ ಹೆಂಡತಿ ಜಯ ಮಾಡಿ ಸುಸ್ತಾದ ಮೇಲೆ ನನ್ನ ಸರದಿ ಬಂತು. ನನ್ನ ಪಾಲಿಗೆ ಬಂದದ್ದು ಎಣ್ಣೆ.

ಅರಕಲಗೂಡಿನಲ್ಲಿ ನನ್ನದೊಂದು ಕ್ರಿಮಿನಾಶಕದ ಅಂಗಡಿ. ಸುತ್ತಲಿನ ಹೊಗೆಸೊಪ್ಪು, ಶುಂಠಿ ಬೆಳೆಯುವವರೆಲ್ಲ ನನ್ನ ಗಿರಾಕಿಗಳು. ಹಾಸನದ ಡಾಕ್ಟರಮ್ಮ ನಮ್ಮಿಬ್ಬರನ್ನೂ ಪರೀಕ್ಷಿಸಿ, "ತೊಂದರೆ ನಿಮ್ಮಲ್ಲೇ ಇದ್ದ ಹಾಗಿದೆ. ದಿನವೆಲ್ಲ ಆ ವಿಷದ ಮಧ್ಯೆ ಕೂತಿರ್ತೀರಲ್ಲ, ಅದೂ ಕಾರಣ ಇರಬಹುದು. ಗ್ಲೌಸ್ ಹಾಕ್ಕೊಂಡೇ ಮುಟ್ಟಿ" ಅಂದರು. ತಲೆಯಾಡಿಸಿ ಬಂದೆ. ಸುದ್ದಿ ಹಳೇಕೋಟೆಯಲ್ಲಿರುವ ನನ್ನ ಅತ್ತೆಗೆ ಮುಟ್ಟಿದ್ದೇ ತಡ, ಅವರು ಸೆರಗು ಬಿಗಿದು ನಿಂತರು. ವಿಷ ತಿಂದ ಇಲಿಗಳಿಗೆ ಎಣ್ಣೆ ಕುಡಿಸಿದರೆ ಮತ್ತೆ ಮರಿ ಹಾಕುತ್ತವಂತೆ, ರೇಡಿಯೋದಲ್ಲಿ ಹೇಳಿದರಂತೆ. "ಇಲಿಗಾದದ್ದು ಅಳಿಯಂಗಾಗಕಿಲ್ವಾ?" ಅಂತ ಜಯಳನ್ನೇ ಕೇಳಿದರು. ಗಾಣದ ಎಳ್ಳೆಣ್ಣೆಗೆ ಕರಿಜೀರಿಗೆ ಹಾಕಿ ಕಾಯಿಸಿ, ಬಾಟ್ಲಿಗೆ ತುಂಬಿ, ಬಸ್ಸಿನಲ್ಲಿ ಕಳಿಸತೊಡಗಿದರು. ಕಂಡಕ್ಟರು ಬಸ್‌ಸ್ಟ್ಯಾಂಡಿಗೆಲ್ಲ ಕೇಳುವಂತೆ, "ಸಾ, ನಿಮ್ಮತ್ತೆ ಔಸ್ದಿ ಕಳ್ಸವ್ರೆ!" ಅಂತ ಕೂಗುತ್ತಿದ್ದ. ಮಾನ ಹರಾಜು ಹಾಕೋದಕ್ಕೆ ಇನ್ನೇನು ಬೇಕು ಹೇಳಿ?

ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಚಮಚ ಎಳ್ಳೆಣ್ಣೆ, ಹೊಕ್ಕುಳಿಗೆ ಹರಳೆಣ್ಣೆ. ಒಮ್ಮೆ ಎರಡೂ ಬಾಟ್ಲಿ ಅದಲುಬದಲಾಗಿ ಹರಳೆಣ್ಣೆಯೇ ಹೊಟ್ಟೆಗೆ ಹೋಗಿ, ಅವತ್ತು ಅಂಗಡಿಯ ಬಾಗಿಲು ತೆಗೆಯುವುದಕ್ಕಿಂತ ಬೇರೆ ಬಾಗಿಲು ತೆಗೆದದ್ದೇ ಹೆಚ್ಚು. ಮೈಯೆಲ್ಲ ಜಿಡ್ಡು, ನಾನು ಮುಟ್ಟಿದ ಬಿಲ್ಲೆಲ್ಲ ಜಿಡ್ಡು. ಗಿರಾಕಿಯೊಬ್ಬ ಮೂಗರಳಿಸಿ, "ಏನ್ ಸಾ, ಒಳಗೆ ಬೋಂಡ ಗೀಂಡ ಬೇಯಿಸ್ತಾವ್ರಾ?" ಅಂದ. ಉರಿದುಹೋಯಿತು. ಆದರೂ ಬಿಡದೆ ಕುಡಿದೆ. ಯಾಕೆಂದರೆ, ಪಕ್ಕದ ಮನೆಯ ಮಗುವನ್ನು ಎತ್ತಿಕೊಂಡು ಬಂದಾಗ ಜಯಳ ಮುಖದಲ್ಲಿ ಕಾಣುವ ಆಸೆ ನನ್ನಿಂದ ನೋಡಲಾಗುತ್ತಿರಲಿಲ್ಲ.

ಯುಗಾದಿಗೆ ಹಳೇಕೋಟೆಗೆ ಹೋದೆವು. ಎಣ್ಣೆಸ್ನಾನಕ್ಕೆ ನನ್ನನ್ನು ಮಣೆಯ ಮೇಲೆ ಕೂರಿಸಿ, ಅತ್ತೆ ಈ ಸಲ ಎಣ್ಣೆಯ ಕ್ಯಾನನ್ನೇ ಎತ್ತಿಕೊಂಡು ಬಂದರು. ಹಸಿರು ಕ್ಯಾನು. ಅರ್ಧ ಹರಿದ ಲೇಬಲ್ಲು. ಅದರ ಮೇಲೆ ತಲೆಬುರುಡೆ!

"ಅಯ್ಯಯ್ಯೋ, ಇದು ಕ್ರಿಮಿನಾಶಕದ್ದಲ್ವಾ!" ಅಂತ ಟವಲ್ಲಿನಲ್ಲೇ ಎದ್ದು ನಿಂತೆ.

"ಊಂ, ನಿಮ್ಮ ಅಂಗ್ಡೀದೇಯ. ನಿಮ್ಮ ಮಾವ ಹೊಲಕ್ಕೆ ತಂದಿದ್ರು. ಕ್ಯಾನು ಗಟ್ಟಿಯಾಗೈತೆ ಅಂತ ಬೂದಿ, ಹುಣಸೆಹಣ್ಣು ಹಾಕಿ ಉಜ್ಜಿ ತೊಳ್ದಿವ್ನಿ ಕಣಪ್ಪಾ."

"ಇದರಲ್ಲಿ ತಿನ್ನೋ ಪದಾರ್ಥ ಇಡಬಾರದು ಅಂತ ಮೇಲೇ ಬರೆದಿದೆಯಲ್ಲ!"

"ನಂಗೆ ಓದಕ್ ಬತ್ತದಾ? ಮಾರೋರು ನೀವು. ಬಾಯ್ಬಿಟ್ಟು ಯೋಳ್ಬೇಕಾಗಿತ್ತು."

ಇಷ್ಟು ದಿನ ನಾನು ವಿಷಕ್ಕೆ ಮದ್ದು ಅಂತ ಕಣ್ಣು ಮುಚ್ಚಿ ಕುಡಿದದ್ದು ಇದೇ ಕ್ಯಾನಿನ ಎಣ್ಣೆ. ಅತ್ತೆ ಪಾಪ, ಒಬ್ಬಟ್ಟನ್ನೂ ಮುಟ್ಟದೆ ಕಣ್ಣೊರೆಸಿಕೊಂಡು ಕೂತರು. ಅವರ ಮೇಲೆ ಕೂಗಾಡುವ ಭಾಗ್ಯವೂ ನನಗಿಲ್ಲದಾಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಜಯ ಕೇಳಿದಳು: "ಎಣ್ಣೆಯಂತೂ ಬಿಟ್ರಿ. ಗ್ಲೌಸ್ ಯಾವಾಗ ಹಾಕ್ಕೋತೀರಿ? ಡಾಕ್ಟ್ರು ಹೇಳಿದ್ದು ಅದೊಂದೇ. ಅದೊಂದನ್ನೇ ನೀವು ಮಾಡಲಿಲ್ಲ. ನಂಗೆ ಮಗು ಬೇಕು ರೀ." ಹೇಳುತ್ತಾ ಹೇಳುತ್ತಾ ಅತ್ತಳು. ಎಣ್ಣೆಯನ್ನಾದರೆ ಮನೆಯಲ್ಲಿ ಕದ್ದು ಕುಡಿಯಬಹುದು. ಗ್ಲೌಸು ಗಿರಾಕಿಗಳ ಎದುರೇ ಹಾಕಿಕೊಳ್ಳಬೇಕು. "ಏನೂ ಆಗಲ್ಲ, ಧೈರ್ಯವಾಗಿ ತಗೊಂಡು ಹೋಗಿ" ಎನ್ನುವ ಅಂಗಡಿಯವನೇ ಕೈ ಮುಚ್ಚಿಕೊಂಡು ಕೂತರೆ ವ್ಯಾಪಾರ ಆಗುತ್ತದೆಯೇ? ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಮರುದಿನವೇ ರಬ್ಬರ್ ಗ್ಲೌಸ್ ಹಾಕಿಕೊಂಡು ಕೂತೆ. ಬೆಳಗಿನ ತಿಂಡಿ ತಂದಿಟ್ಟ ಜಯ ಕೈ ನೋಡಿ, ಎಷ್ಟೋ ದಿನಗಳ ಮೇಲೆ ಮನಸಾರೆ ನಕ್ಕು ಹೋದಳು. ಬೆನ್ನಿಗೇ ಬಂದ ಮೊದಲ ಗಿರಾಕಿ ಗಾಬರಿಯಿಂದ, "ಇದ್ಯಾಕ್ ಸಾ ಕೈಗೆ? ಈ ಔಸ್ದಿ ಮುಟ್ಬಾರ್ದಾ?" ಅಂದ.

ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಅದೇನಿಲ್ಲ ಕಣಯ್ಯಾ, ಕೈಗೆ ಎಣ್ಣೆ ಹಚ್ಚಿದ್ದೀನಿ" ಅಂದುಬಿಟ್ಟೆ.

ಅವನು ನಿರಾಳವಾಗಿ ಬರಿಗೈಯಲ್ಲಿ ಕ್ಯಾನು ಎತ್ತಿಕೊಂಡು ಹೊರಟ.